ಹಳೇಮಡುವಿನ ಒಂಟಿ ಎಂಜಿನ್ನು

ಬೆರಳನ್ನು ಮೂಗಿನ ಹತ್ತಿರ ತಂದೆ. ಅನುಮಾನವೇ ಬೇಡ. ಸಗಣಿ.

"ಏನ್ ದಫೇದಾರ್ರೇ, ಸಿಕ್ತಾ ಚಿನ್ನ?" ದಡದ ಹುಣಸೆಮರದ ಕೆಳಗಿನಿಂದ ಪರ್ವತಯ್ಯ ಮೇಷ್ಟ್ರು ನಗುತ್ತಾ ಕೇಳಿದರು.

"ಸಿಕ್ತು ಮೇಷ್ಟ್ರೇ. ಆದ್ರೆ ಇದು ಹಸು ಹಾಕಿದ್ದು" ಎಂದೆ.

ನಾನು ಕೂತಿದ್ದದ್ದು ಜಯಮಂಗಲಿ ಹೊಳೆಯ ಹಳೇಮಡುವಿನಲ್ಲಿ ತೇಲುತ್ತಿದ್ದ ಒಂದು ಅಟ್ಟಣೆಯ ಮೇಲೆ. ನಾಲ್ಕು ಖಾಲಿ ಡ್ರಮ್ಮು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಡೀಸೆಲ್ ಎಂಜಿನ್ನು, ಪಂಪು, ಪೈಪು, ಈಗ ಅದೆಲ್ಲದರ ಜೊತೆಗೆ ನನ್ನ ಹೊಟ್ಟೆ. ನಾನು ಆ ಕಡೆ ತಿರುಗಿದರೆ ಅಟ್ಟಣೆಯೂ ಆ ಕಡೆ ವಾಲುತ್ತಿತ್ತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಹೆಣ ಕಾದಿದ್ದೇನೆ, ಖಜಾನೆ ಕಾದಿದ್ದೇನೆ, ಬಂದೋಬಸ್ತಿನ ಹೆಸರಲ್ಲಿ ಬಿಸಿಲಲ್ಲಿ ಒಣಗಿದ್ದೇನೆ. ಪಂಪಿನ ತೂತಿಗೆ ಬೆರಳು ಹಾಕಿ ಖುಷಿಪಟ್ಟದ್ದು ಮಾತ್ರ ಇದೇ ಮೊದಲು.

ಜಯರಾಮಯ್ಯ ಇದೇ ಮಡುವಿಗೆ ಇಳಿದವನು ಮೇಲೆ ಬರಲಿಲ್ಲ ಎಂದು ಊರು ಹೇಳಿ ಇವತ್ತಿಗೆ ಹತ್ತು ದಿನ. ಹೆಣ ಸಿಕ್ಕಿರಲಿಲ್ಲ. ಸಂಜೆ ಐದಕ್ಕೆ ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಮಧುಗಿರಿ ಸ್ಟೇಷನ್ನಿನಲ್ಲಿ 'ನೀರಿನಲ್ಲಿ ಮುಳುಗಿ ಸಾವು' ಎಂಬ ಕಾಗದಕ್ಕೆ ಸಹಿ ಹಾಕುವವರಿದ್ದರು. ಸಹಿ ಬಿದ್ದರೆ ನಾಳೆ ಬೆಳಗ್ಗೆ ಅವನ ಹೆಂಡತಿ ಸರೋಜಮ್ಮನ ಕೈಬಳೆ ಒಡೆಯುವುದಕ್ಕೆ ಮೈದುನ ಚಿಕ್ಕನರಸಯ್ಯ ಪುರೋಹಿತರನ್ನು ಗೊತ್ತುಮಾಡಿ ಕೂತಿದ್ದ.

ಆದರೆ ಆ ಹೆಂಗಸು ಸುಲಭದ ಆಸಾಮಿಯಲ್ಲ. ನಿನ್ನೆ ಊರಿಗೆ ಬಳೆಗಾರ ಬಂದಾಗ ಜಗುಲಿಯ ಮೇಲೆ ಕೂರಿಸಿಕೊಂಡು, ಎಲ್ಲರೆದುರಿಗೇ ಇನ್ನೂ ಒಂದು ಡಜನ್ ಹಸಿರು ಬಳೆ ತೊಡಿಸಿಕೊಂಡಿದ್ದಳು. ಓರಗಿತ್ತಿಯರು ಮೂಗಿನ ಮೇಲೆ ಬೆರಳಿಟ್ಟುಕೊಂಡರಂತೆ. "ಹೆಣ ತಂದು ತೋರ್ಸಿ, ಆಮೇಲೆ ಒಡೀರಿ. ಕೈ ನಂದು, ಬಳೆ ನಂದು" ಎಂದಳಂತೆ.

ಈಗ ಅವಳು ದಡದ ಬಂಡೆಯ ಮೇಲೆ ನಿಂತಿದ್ದಳು. ಮೊಣಕೈವರೆಗೂ ಬಳೆ.

"ಸರೋಜಮ್ಮ, ನಿಮ್ಮೆಜಮಾನ್ರು ಪಂಪಿಗೆ ಸಗಣಿ ಬಗ್ಗಡ ಹುಯ್ತಿದ್ರಾ?"

"ಸಗಣಿನಾ? ಶಿವ ಶಿವಾ! ಅದರ ನೆತ್ತಿ ಮೇಲೆ ಏನ್ ಬರ್ದೈತೆ ನೋಡಿ ದಫೇದಾರಣ್ಣ."

ಮಸಿಯನ್ನು ಕರವಸ್ತ್ರದಿಂದ ಒರೆಸಿದೆ. ಕೆಂಪು ಬಣ್ಣದ ದಪ್ಪ ಅಕ್ಷರ: 'ಸಗಣಿ ಹಾಕಬಾರದು. ಯಾರೂ. ಯಾವತ್ತೂ.'

"ಒಂದ್ಸಲ ನಾನೇ ಹುಯ್ಯಕ್ಕೋಗಿ ಬೈಸ್ಕಂಡಿದೀನಿ" ಎಂದಳು. "ಸಗಣಿ ನಾರು ಹೋಗಿ ಕಂಬಳಿಗೆ ಮೆತ್ಕಂಡ್ರೆ ಹೊನ್ನಿನ ಪುಡಿ ನಿಲ್ಲಾಕಿಲ್ಲ, ಹೊಳೆ ಪಾಲಾಯ್ತದೆ ಅಂತ ಮೂರು ದಿನ ಮಾತು ಬುಟ್ಟಿದ್ರು."

ನಮ್ಮ ಸೀಮೆಯಲ್ಲಿ ಪಂಪ್‌ಸೆಟ್ ಇದ್ದವರಿಗೆಲ್ಲ ಗೊತ್ತು. ಪಂಪು ನೀರು ಹಿಡಿಯಲಿಲ್ಲವೋ, ಒಂದು ಬಕೀಟು ಸಗಣಿ ಕದಡಿ ಮೇಲಿನಿಂದ ಹುಯ್ದರೆ ಗಾಳಿ ಹೋಗುವ ಸಂದುಗೊಂದೆಲ್ಲ ಮುಚ್ಚಿಕೊಂಡು ನೀರು ಎತ್ತುತ್ತದೆ. ಮಧುಗಿರಿಯಿಂದ ಪಾವಗಡದವರೆಗೂ ಇದೇ ವೈದ್ಯ. ಆದರೆ ಜಯರಾಮಯ್ಯನ ಯಂತ್ರ ಹೊಲಕ್ಕೆ ನೀರು ಹಾಯಿಸುವುದಲ್ಲ, ಮರಳು ಹೀರುವುದು. ಪಂಪು ನೀರನ್ನು ರಭಸವಾಗಿ ಒಂದು ದಪ್ಪ ಪೈಪಿನೊಳಕ್ಕೆ ನುಗ್ಗಿಸುತ್ತದೆ. ಆ ರಭಸಕ್ಕೆ ಪೈಪಿನ ಕೆಳಗಿನ ಬಾಯಿ ಮಡುವಿನ ತಳದ ಮರಳನ್ನೆಲ್ಲ ಎಳೆದುಕೊಳ್ಳುತ್ತದೆ. ಮರಳುನೀರು ಮೇಲೆ ಬಂದು ಉದ್ದನೆಯ ಮರದ ಪೆಟ್ಟಿಗೆಯಲ್ಲಿ ಹರಿಯುತ್ತದೆ. ಪೆಟ್ಟಿಗೆಯ ತಳಕ್ಕೆ ಕರೀ ಕಂಬಳಿ ಹಾಸಿದೆ. ಮರಳು ಹಗುರ, ಹರಿದು ಹೋಗುತ್ತದೆ. ಹೊನ್ನಿನ ಪುಡಿ ಭಾರ, ಕಂಬಳಿಯ ಉಣ್ಣೆಯಲ್ಲಿ ಕೂತುಬಿಡುತ್ತದೆ.

ಇಷ್ಟನ್ನೂ ಅವನು ಒಬ್ಬನೇ ಮಾಡುತ್ತಿದ್ದ. ಬಾಯಿಗೆ ಗಾಳಿಯ ಟ್ಯೂಬು ಕಚ್ಚಿಕೊಂಡು ತಳಕ್ಕೆ ಇಳಿಯುವವನೂ ಅವನೇ, ಎಂಜಿನ್ ನೋಡಿಕೊಳ್ಳುವವನೂ ಅವನೇ. ಜೊತೆಗೆ ಒಬ್ಬ ಆಳಿಟ್ಟುಕೋ ಎಂದರೆ ನಗುತ್ತಿದ್ದನಂತೆ. ಬದಲಿಗೆ ಸೊಂಟಕ್ಕೊಂದು ಹಗ್ಗ ಕಟ್ಟಿಕೊಂಡು, ಅದರ ಇನ್ನೊಂದು ತುದಿಯನ್ನು ಎಂಜಿನ್ ನಿಲ್ಲಿಸುವ ಹಿಡಿಗೆ ಬಿಗಿದಿದ್ದ. ಕೆಳಗೆ ಏನಾದರೂ ಎಡವಟ್ಟಾದರೆ ಹಗ್ಗ ಜಗ್ಗುವುದು, ಎಂಜಿನ್ ನಿಲ್ಲುವುದು. ಸದ್ದು ನಿಂತರೆ ಪಕ್ಕದ ತೋಟದವರು ಓಡಿ ಬರುತ್ತಾರೆ. ಅಲ್ಲಿಯವರೆಗೆ ಉಸಿರಾಡುವುದಕ್ಕೆ, ಎಂಜಿನ್ನೇ ತುಂಬಿಸಿಟ್ಟ ಸಿಲಿಂಡರಿನಲ್ಲಿ ಗಾಳಿ ಇರುತ್ತದೆ.

ಅವತ್ತು ನಾನು ಬಂದಾಗ ಎಂಜಿನ್ ಓಡುತ್ತಲೇ ಇತ್ತು. ಹನ್ನೊಂದು ಗಂಟೆಗೆ ಡೀಸೆಲ್ ಮುಗಿದು ತಾನಾಗಿ ನಿಂತಿತು. ಹಗ್ಗ? ಹಗ್ಗ ಎಂಜಿನ್ ಪಕ್ಕದ ದಪ್ಪ ಮೊಳೆಗೆ ನೀಟಾಗಿ ಸುತ್ತಿಟ್ಟಿತ್ತು. ಅದನ್ನು ಪಂಚನಾಮೆಯಲ್ಲಿ ದುಂಡಗೆ ಬರೆದವನೂ ನಾನೇ, ಹತ್ತು ದಿನ ಅದರ ಅರ್ಥ ಗೊತ್ತಾಗದೆ ಕಾಫಿ ಕುಡಿಯುತ್ತಾ ಕೂತವನೂ ನಾನೇ. ನನ್ನ ತಲೆಗಿಷ್ಟು!

ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಜಯರಾಮಯ್ಯ ನೀರಿಗೆ ಇಳಿಯುವವನಲ್ಲ. ಸಗಣಿ ಹಾಕಿ ಎಂಜಿನ್ ಹಚ್ಚುವವನೂ ಅಲ್ಲ. ಹಾಗಾದರೆ ಅವತ್ತು ಎಂಜಿನ್ ಹಚ್ಚಿದ್ದು ಬೇರೆ ಯಾರೋ.

ಇನ್ನೊಂದು ವಿಷಯ ಇತ್ತು. ಗಾಳಿಯ ಟ್ಯೂಬಿಗೆ ಒಂದು ಕಡೆ ಪಂಕ್ಚರ್ ಪಟ್ಟಿ ಸುತ್ತಿತ್ತು. ಬಿಚ್ಚಿ ನೋಡಿದೆ. ಸವೆದು ಹರಿದದ್ದಲ್ಲ. ಬ್ಲೇಡಿನಿಂದ ಕುಯ್ದದ್ದು.

"ಮೇಷ್ಟ್ರೇ, ಸಾಹೇಬ್ರಿಗೆ ಹೇಳೋಕೆ ಒಂದು ಕಥೆ ಸಿಗ್ತಾ ಐತೆ" ಎಂದೆ.

"ಬಹಳ ಸಂತೋಷ ಚನ್ನಮಲ್ಲಯ್ಯ. ಆ ತಾಯಿಗೆ ಒಳ್ಳೇದಾದ್ರೆ ಸಾಕು" ಎಂದರು ಮೇಷ್ಟ್ರು.

ಪರ್ವತಯ್ಯ ಮೇಷ್ಟ್ರ ವಿಷಯ ಒಂದು ಮಾತು ಹೇಳಲೇಬೇಕು. ರಿಟೈರಾದ ಹೆಡ್‌ಮಾಸ್ಟರು. ಜಯರಾಮಯ್ಯನಿಗೆ ಹಳೆಯ ಸ್ನೇಹಿತರು. ಈ ಹತ್ತು ದಿನವೂ ಸರೋಜಮ್ಮನ ಬೆನ್ನಿಗೆ ನಿಂತು, "ಹೆಣ ಸಿಗೋವರೆಗೆ ಯಾರೂ ಬಳೆ ಮುಟ್ಟಕೂಡದು" ಎಂದು ಚಿಕ್ಕನರಸಯ್ಯನ ಬಾಯಿ ಮುಚ್ಚಿಸಿದ್ದು ಅವರೇ. ಬುಕ್ಕಾಪಟ್ಟಣದ ಹತ್ತಿರ ಇರುವ ತಮ್ಮ ತೋಟದಿಂದ ಸೀತಾಫಲ ತಂದು ಸ್ಟೇಷನ್ನಿಗೂ ಕೊಡುತ್ತಿದ್ದರು. ಇವತ್ತು ಸ್ಟೇಷನ್ನಿನ ಒಂದೇ ಸೈಕಲ್ಲು ಪಂಕ್ಚರ್ ಆಗಿದ್ದಾಗ ತಮ್ಮ ಮೋಟಾರ್ ಸೈಕಲ್ಲಿನ ಹಿಂದೆ ನನ್ನಂಥ ಮೂಟೆಯನ್ನು ಕೂರಿಸಿಕೊಂಡು ಬಂದಿದ್ದರು. ಅವರು ಕೇಳುತ್ತಿದ್ದದ್ದು ಒಂದೇ ಉಪಕಾರ. ಪೆಟ್ಟಿಗೆಗೆ ನಾನು ಹಾಕಿದ ಅರಗಿನ ಮೊಹರು ಒಡೆದು ಆ ಕಂಬಳಿಯನ್ನು ಸರೋಜಮ್ಮನಿಗೆ ಕೊಡಿಸಬೇಕು, ಗಂಡನ ಗುರುತು ಅಂತ ಮನೆಯಲ್ಲಿ ಇಟ್ಟುಕೊಳ್ಳಲಿ ಪಾಪ, ಎಂದು. ಮೂರು ಸಲ ಕೇಳಿದ್ದರು. ಕಾನೂನು ಬಿಡಬೇಕಲ್ಲ?

"ಸಣ್ಣರಂಗಯ್ಯನ್ನ ಕರೀರಿ" ಎಂದೆ.

ಸಣ್ಣರಂಗಯ್ಯನ ತೋಟ ಮಡುವಿಗೆ ಅಂಟಿಕೊಂಡೇ ಇದೆ. ಅವತ್ತು ಮೊದಲು ಬಾಯಿ ಬಡಿದುಕೊಂಡವನು ಅವನೇ. 'ಆರೂವರೆಗೆ ಎಂಜಿನ್ ಸದ್ದು ಕೇಳಿ ಬಂದೆ, ಜಯರಾಮಯ್ಯ ನೀರಿಗೆ ಇಳಿಯೋದನ್ನ ಕಣ್ಣಾರೆ ಕಂಡೆ, ಎಷ್ಟೊತ್ತಾದರೂ ಏಳಲಿಲ್ಲ' ಎಂದು ಹೇಳಿಕೆ ಬರೆಸಿ ಹೆಬ್ಬೆಟ್ಟು ಒತ್ತಿದ್ದ.

ಬಂದ. ತಲೆಗೆ ಟವಲು ಸುತ್ತಿಕೊಂಡಿದ್ದ, ಮುಖ ಸಪ್ಪಗಿತ್ತು. ಹತ್ತು ದಿನದಲ್ಲಿ ಅರ್ಧ ಆಳಾಗಿದ್ದ.

"ಏನಯ್ಯಾ ಸಣ್ಣರಂಗಯ್ಯ, ಮೈಯಾಗೆ ಹುಷಾರಿಲ್ವಾ?"

"ಏನೋ ಸ್ವಾಮಿ, ಅನ್ನ ಸೇರ್ತಾ ಇಲ್ಲ."

"ಸೇರ್ತದೆ, ಸೇರ್ತದೆ. ಒಂದು ಸಹಾಯ ಆಗ್ಬೇಕಲ್ಲ. ಈ ಎಂಜಿನ್ ಓಡ್ತದಾ ಇಲ್ವಾ ಅಂತ ಸಾಹೇಬ್ರಿಗೆ ರಿಪೋರ್ಟ್ ಕೊಡ್ಬೇಕು. ಡೀಸೆಲ್ ತಂದಿದೀನಿ. ಒಂಚೂರು ಹಚ್ಚು."

"ನಾನಾ? ಈ ಮಿಸನ್ನು ನಂಗೇನ್ ಗೊತ್ತು ಸ್ವಾಮಿ? ಒಂದಿನಾನೂ ಕೈಯಲ್ಲಿ ಮುಟ್ಟಿಲ್ಲ."

"ನಿನ್ನ ತೋಟದ ಪಂಪ್‌ಸೆಟ್ ಇದ್ದಂಗೇ ಐತಲ್ಲಪ್ಪ. ಬಾ ಬಾ."

ಅಟ್ಟಣೆ ಹತ್ತಿದ. ಎರಡೂ ಕಡೆಯ ಭಾರ ಸರಿಹೋಗಿ ನನಗೂ ಜೀವ ಬಂತು. ಪರೀಕ್ಷೆಯಲ್ಲಿ ಕಂಬಳಿ ಕೆಡಬಾರದಲ್ಲ ಎಂದು ಮೊಹರು ಒಡೆದು, ಅದನ್ನು ಜೋಪಾನವಾಗಿ ಸುರುಳಿ ಸುತ್ತಿ ಎತ್ತಿದೆ. ಒಣಗಿ ಮರಳು ಹಿಡಿದು ಕಲ್ಲಿನಷ್ಟು ಭಾರವಾಗಿತ್ತು.

"ಮೇಷ್ಟ್ರೇ, ಇದನ್ನೊಂಚೂರು ಹಿಡ್ಕಳಿ. ಸಾಕ್ಷಿ ಅದು, ಹುಷಾರು."

"ನನ್ನ ಕೈಯಲ್ಲಿ ಇದ್ದ ಮೇಲೆ ನೀವು ಯೋಚ್ನೆ ಬಿಡಿ" ಎಂದು ಮೇಷ್ಟ್ರು ಎರಡೂ ಕೈ ಚಾಚಿ ತೆಗೆದುಕೊಂಡರು.

ಒಂದು ದಿನವೂ ಯಂತ್ರ ಮುಟ್ಟದ ಸಣ್ಣರಂಗಯ್ಯ ನೆಟ್ಟಗೆ ಹೋಗಿ, ಹಲಗೆಯ ಕೆಳಗೆ ಸಿಕ್ಕಿಸಿದ್ದ ಹ್ಯಾಂಡ್ಲು ಎಳೆದು ತೆಗೆದ. ಅದು ಅಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ನಾನು ಮಡುವಿನ ಕಡೆ ನೋಡುತ್ತಾ ಸುಮ್ಮನಿದ್ದೆ. ಪಂಪಿಗೆ ಎರಡು ಬಕೀಟು ನೀರು ಹುಯ್ದ, ಹ್ಯಾಂಡ್ಲು ಸುತ್ತಿದ. ಎಂಜಿನ್ ಎರಡು ಸಲ ಕೆಮ್ಮಿ, ಮೂರನೇ ಸಲಕ್ಕೆ ಹೊಗೆ ಉಗುಳಿ ಹೊತ್ತಿಕೊಂಡಿತು. ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ಎಂಜಿನ್ ಓಡಿತು, ನೀರು ಬರಲಿಲ್ಲ. ಹತ್ತು ದಿನ ಬಿಸಿಲಿಗೆ ಒಣಗಿದ ಪಂಪು, ಬರೀ ಗಾಳಿ ಎಳೆಯುತ್ತಿತ್ತು.

ರೈತನ ಕೈಗೆ ನೀರೆತ್ತದ ಪಂಪು ಸಿಕ್ಕರೆ ಅವನಿಗೆ ಪೊಲೀಸೂ ಕಾಣುವುದಿಲ್ಲ, ಸುಳ್ಳು ಹೇಳಿಕೆಯೂ ನೆನಪಿರುವುದಿಲ್ಲ. ಸಣ್ಣರಂಗಯ್ಯ ಪಂಪಿನ ಮೇಲೆ ಕೈಯಿಟ್ಟ, ಕಿವಿಯಿಟ್ಟ, ಛೇ ಎಂದ. ಆಮೇಲೆ ತೋಟದ ಕಡೆ ತಿರುಗಿ, ಎಂಜಿನ್ನಿನ ಸದ್ದನ್ನೂ ಮೀರಿಸಿ ಕೂಗಿದ.

"ಏ ಈರೀ! ಒಂದ್ ಬಕೀಟು ಸಗ್ಣಿ ಕಲಸ್ಕಂಡು ತಾರೇ! ಅವತ್ತಿನಂಗೆ ಗಟ್ಟಿ ಮಾಡ್ಬುಟ್ಟೀಯ, ತೆಳ್ಳಗೆ ಕಲಸು!"

ಬೇಲಿಯ ಆ ಕಡೆಯಿಂದ ಅವನ ಹೆಂಡತಿ ಈರಕ್ಕನ ಗಂಟಲು ಇನ್ನೂ ಜೋರಾಗಿ ಬಂತು.

"ಅವತ್ತೇನ್ ನೀರು ಎತ್ತಲಿಲ್ವಾ? ಎತ್ತಿತಲ್ಲಾ! ಹೊತ್ತು ಹುಟ್ಟೋಕ್ ಮುಂಚೆ ಎಬ್ಬಿಸಿ ಸಗಣಿ ಕಲಸು ಅಂದ್ರೆ ಗಟ್ಟೀನೂ ಆಯ್ತದೆ, ತೆಳ್ಳಗೂ ಆಯ್ತದೆ!"

ಸಣ್ಣರಂಗಯ್ಯನ ಕೈ ಪಂಪಿನ ಮೇಲೇ ನಿಂತುಹೋಯಿತು.

"ಅವತ್ತು ಅಂದ್ರೆ ಯಾವತ್ತಪ್ಪ?" ನಾನು ಅವನ ಕಿವಿಯ ಹತ್ತಿರ ಬಾಯಿಟ್ಟು, ಮಗುವನ್ನು ಕೇಳುವಂತೆ ಕೇಳಿದೆ.

ಅವನು ಹಲಗೆಯ ಮೇಲೆ ಕುಸಿದು ಕೂತ. ಅಟ್ಟಣೆ ವಾಲಿತು. ನಾನು ಎಂಜಿನ್ನಿನ ಚಕ್ರ ತಪ್ಪಿಸಿಕೊಂಡು ಮೊಳೆ ಹಿಡಿದುಕೊಂಡೆ.

"ನಂದೇನೂ ತಪ್ಪಿಲ್ಲ ಸ್ವಾಮಿ! ನನ್ನ ಮಕ್ಕಳಾಣೆ! ಜಯರಾಮಣ್ಣನೇ ಹೇಳಿದ್ದು!"

"ಏನಂತ?"

"ಹಿಂದಿನ ದಿನ ಸಂಜೆಮುಂದೆ ಬಂದ್ರು. ಕೈಯಲ್ಲಿ ಆ ಗಾಳಿ ಟೂಬು. 'ಯಾರೋ ಕುಯ್ದವ್ರೆ ಕಣ್ಲಾ ಸಣ್ಣರಂಗ, ಇಳಿಯೋ ಮುಂಚೆ ಊದಿ ನೋಡ್ದೆ ಅಂತ ಬದುಕ್ದೆ' ಅಂದ್ರು. 'ನಾಳೆ ಬೆಳಗಿನ ಜಾವ ನೀನು ಎಂಜಿನ್ ಹಚ್ಬುಟ್ಟು, ಜನ ಎದ್ಮೇಲೆ ಮುಳುಗ್ದ ಅಂತ ಬಾಯ್ ಬಡ್ಕ. ನಾನು ಸತ್ತೆ ಅಂತ ಆಗ್ಲಿ. ಟೂಬು ಕುಯ್ದೋನು ತಾನಾಗೇ ಆಚಿಕ್ ಬತ್ತಾನೆ' ಅಂದ್ರು. ನಾನು ಸಗ್ಣಿ ಹುಯ್ದಿದ್ದು ಅಭ್ಯಾಸ ಬಲ ಸ್ವಾಮಿ. ಓದಕ್ಕೆ ಬರಾಕಿಲ್ಲ ನಂಗೆ, ಕೆಂಪಗೆ ಏನ್ ಬರ್ದೈತೋ!"

ದಡದ ಮೇಲೆ ಬಳೆಗಳು ಝಲ್ಲೆಂದವು. ಸರೋಜಮ್ಮ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದು ಬಂದೇಬಿಟ್ಟಿದ್ದಳು.

"ಬದುಕವ್ರಾ? ನನ್ನ ಗಂಡ ಬದುಕವ್ರಾ?"

"ಅವ್ರಿಗೇನಾಗೈತೆ ಕಣಮ್ಮ, ಗುಂಡುಕಲ್ಲಂಗವ್ರೆ!"

"ನಾನ್ ಹೇಳ್ಲಿಲ್ವಾ ದಫೇದಾರಣ್ಣ! ನಾನ್ ಹೇಳ್ಲಿಲ್ವಾ!" ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. "ನನ್ನ ಹತ್ರಾನೂ ಒಂದ್ ಮಾತು ಹೇಳ್ದೆ ಹೋದ್ರಲ್ಲ, ಬರ್ಲಿ ಮನೆಗೆ! ಹತ್ತು ದಿನ ನಾನ್ ಬುಟ್ಟ ಊಟಾನೆಲ್ಲಾ ಒಟ್ಟಿಗೆ ಕುಂಡ್ರಿಸಿ ತಿನ್ನುಸ್ತೀನಿ, ಬಾಯಿ ಬುಡಂಗಿಲ್ಲ!"

ಸುಳ್ಳೇಕೆ, ನನ್ನ ಕಣ್ಣೂ ಒದ್ದೆಯಾಯಿತು. ಬಕೀಟು ಹಿಡಿದು ಓಡಿ ಬಂದ ಈರಕ್ಕ ಯಾಕೆ ಏನು ಎಂದು ತಿಳಿಯದೆ ತಾನೂ ಅಳುವುದಕ್ಕೆ ಶುರು ಮಾಡಿದಳು. ಸಾಹೇಬರ ಸಹಿ ಹಾಳಾಗಿ ಹೋಗಲಿ! ಐದು ಗಂಟೆಗೆ ಇನ್ನೂ ಮೂರು ಗಂಟೆ ಇತ್ತು. ನನ್ನ ಎದೆ ನಾಲ್ಕಂಗುಲ ಉಬ್ಬಿತು.

"ಸರಿ, ಯಾವತ್ತು ಬತ್ತೀನಿ ಅಂದಿದ್ರು?" ಎಂದು ಕೇಳಿದೆ.

ಸಣ್ಣರಂಗಯ್ಯ ತಲೆ ತಗ್ಗಿಸಿದ.

"ಅದೇ ಸ್ವಾಮಿ ನಂಗೆ ಅನ್ನ ಇಳೀದೇ ಇರೋದು. 'ಮೂರೇ ದಿನ. ನಾಕನೇ ದಿನ ಬೆಳಗ್ಗೆ ಬಂದು ಸರೋಜನ ಮುಂದೆ ನಿಂತ್ಕತೀನಿ. ಅಲ್ಲಿಗಂಟ ಬಾಯಿ ಬುಡ್ಬ್ಯಾಡ' ಅಂತ ಆಣೆ ಹಾಕಿಸ್ಕಂಡ್ರು."

ಇವತ್ತು ಹತ್ತನೇ ದಿನ. ಸರೋಜಮ್ಮನ ನಗು ಮುಖದಲ್ಲೇ ನಿಂತಿತು.

"ಟೂಬು ಕುಯ್ದೋನು ಯಾರು ಅಂತ ಅನುಮಾನ ಇತ್ತಾ ಅವ್ರಿಗೆ?"

"ಇರ್ಲಿಲ್ಲ ಸ್ವಾಮಿ. ಒಂದು ಗುರುತು ಹೇಳಿದ್ರು. 'ಎಂಜಿನ್ ಕೇಳೋರು ಬತ್ತಾರೆ, ಪೈಪು ಕೇಳೋರು ಬತ್ತಾರೆ, ಅವ್ರನ್ನ ಬುಡು. ಹೊನ್ನು ಎಲ್ಲಿ ಕುಂತದೆ ಅಂತ ಗೊತ್ತಿರೋನು ಕಂಬಳಿ ಕೇಳ್ತಾನೆ. ಕಂಬಳಿ ಕೇಳ್ಕಂಡು ಬರೋನ್ ಯಾರು, ಅದನ್ನ ನೋಡ್ಕ' ಅಂದ್ರು. ನಾನೂ ದಿನಾ ಬೇಲಿ ಸಂದೀಲಿ ಕಾಯ್ದೆ. ಕಂಬಳಿ ಕೇಳ್ಕಂಡು ಮಡುವಿನ ತಾವ ಯಾರೂ ಬರ್ಲಿಲ್ಲ."

ಮಡುವಿನ ಹತ್ತಿರ ಯಾರೂ ಬರಲಿಲ್ಲ. ಬಂದದ್ದು ಸ್ಟೇಷನ್ನಿಗೆ. ಸೀತಾಫಲದ ಚೀಲದ ಜೊತೆಗೆ.

ಸರೋಜಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

"ಎರಡನೇ ದಿನಾನೇ ಕೇಳಿದ್ರು ದಫೇದಾರಣ್ಣ" ಎಂದಳು. "ಗುರುತಿಗೆ ಇಟ್ಕಳಮ್ಮ, ನಾನೇ ತಂದ್ಕೊಡ್ತೀನಿ ಅಂದ್ರು. ಬಳೆ ಮುಟ್ಟಬೇಡಿ ಅಂತ ನನ್ನ ಪರ ನಿಂತೋರು ಅಂತ ನಾನು ಕೈ ಮುಗ್ದೆ."

ಇಬ್ಬರೂ ಒಟ್ಟಿಗೇ ದಡದ ಕಡೆ ತಿರುಗಿದೆವು. ಹುಣಸೆಮರದ ಕೆಳಗೆ ಮೇಷ್ಟ್ರು ಇರಲಿಲ್ಲ. ಕಂಬಳಿಯೂ ಇರಲಿಲ್ಲ. ಅದರಿಂದ ಉದುರಿದ ಮರಳು ಮಾತ್ರ ಸಣ್ಣ ಗೆರೆಯಾಗಿ ಗಾಡಿದಾರಿಯ ಕಡೆ ಹೋಗಿತ್ತು.

ಮೊಳೆಯ ಮೇಲಿದ್ದ ಜಯರಾಮಯ್ಯನ ಹಗ್ಗವನ್ನು ಹಿಡಿದು ಜಗ್ಗಿದೆ. ಎಂಜಿನ್ ಗಕ್ಕನೆ ನಿಂತಿತು. ಆ ನಿಶ್ಶಬ್ದದಲ್ಲಿ, ಸಿರಾ ರಸ್ತೆಯ ಕಡೆಯಿಂದ, ಒಂದು ಮೋಟಾರ್ ಸೈಕಲ್ಲಿನ ಸದ್ದು ಸಣ್ಣಗಾಗುತ್ತಾ ಹೋಯಿತು. ಇಷ್ಟು ಹೊತ್ತೂ ಎಂಜಿನ್ನಿನ ಗಲಾಟೆಯಲ್ಲಿ ಅದು ಹೊರಟದ್ದೇ ನಮಗೆ ಕೇಳಿಸಿರಲಿಲ್ಲ. ಸಾಕ್ಷಿಯನ್ನು ಸುರುಳಿ ಸುತ್ತಿ, ಹುಷಾರು ಎಂದು ಬುದ್ಧಿ ಹೇಳಿ, ಎರಡು ಕೈಯಾರೆ ಎತ್ತಿಕೊಟ್ಟವನು ನಾನು. ಬೆನ್ನಟ್ಟೋಣವೆಂದರೆ ನಾನು ಬಂದದ್ದೂ ಅದೇ ಗಾಡಿಯಲ್ಲಿ.

"ಎತ್ತಿನಗಾಡಿ ಕಟ್ಟೋ ಸಣ್ಣರಂಗ!" ಎಂದು ಅರಚಿದೆ. "ರಸ್ತೆಗಂಟ ಹೋದ್ರೆ ಸಿರಾ ಬಸ್ಸಾದ್ರೂ ಸಿಕ್ತದೆ. ಎಲ್ಲೋಗ್ತಾನೆ, ಹಿಡೀತೀನಿ!"

ಸಣ್ಣರಂಗಯ್ಯ ಏಳಲಿಲ್ಲ. ಬಾಯಿ ತೆರೆದುಕೊಂಡು, ಒಮ್ಮೆ ನನ್ನನ್ನೂ ಒಮ್ಮೆ ಸರೋಜಮ್ಮನನ್ನೂ ನೋಡುತ್ತಿದ್ದ.

"ಸ್ವಾಮಿ, ಮೇಷ್ಟ್ರಿಗೆ ಎಲ್ಲಾ ಗೊತ್ತಲ್ಲಾ... ಅವ್ರೇ ನಿಮಗೆ ಹೇಳ್ತಾರೆ ಅಂತ್ಲೇ ನಾನು... ಐದನೇ ದಿನ ಕೇಳ್ದೆ, 'ಚೆನ್ನಾಗವ್ನೆ, ಇನ್ನೊಂದೆರಡು ದಿನ ಸುಮ್ನಿರು' ಅಂದ್ರು."

"ಯಾರ ವಿಷ್ಯನೋ?"

ಸರೋಜಮ್ಮ ಅಟ್ಟಣೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಜಯರಾಮಣ್ಣನ ವಿಷ್ಯ ಸ್ವಾಮಿ" ಎಂದ ಸಣ್ಣರಂಗಯ್ಯ. "ಆ ಮೂರು ದಿನ ಬಚ್ಚಿಟ್ಕಳಾಕೆ ಅವ್ರು ಹೋಗಿರೋದೇ ಬುಕ್ಕಾಪಟ್ಟಣಕ್ಕೆ. ಮೇಷ್ಟ್ರ ತೋಟದ ಮನೆಗೆ."